ಮನೆಗಾಡಿಯ ಒಲೆ

ಅಂಗೈಯ ಅಳತೆಗೆ ಇಳಿದು ಬಂದೂ ಆಕಾಶದ ಅಳತೆಗೆ ಸಿಗದ ಶಿವನೇ, ಅರ್ಪಿಸಿದ ಅನ್ನದ ರುಚಿಯನ್ನು ನೋಡದೆ ಅರ್ಪಿಸಿದವರ ಮನಸ್ಸನ್ನು ನೋಡುವ ಕರುಣಾಳುವೇ, ಹೊಟ್ಟೆಕಿಚ್ಚಿನ ಕಥೆಯನ್ನು ಹೇಳಲು ಹೊರಟ ಈ ನಾಲಗೆಗೆ ಆ ಕಿಚ್ಚು ತಾಗದಂತೆ ಕಾಯಿ. ಇಬ್ಬರು ಹೆಣ್ಣುಮಕ್ಕಳ ನಡುವೆ ನಿಂತು ಹೇಳಬೇಕಾದ ಮಾತು ಇದು. ಒಬ್ಬಳ ಕಡೆಗೆ ವಾಲದಂತೆ ನನ್ನನ್ನು ನಡುವೆಯೇ ನಿಲ್ಲಿಸು.

ನ್ಯಾಮತಿಯ ಹೊನ್ನಾಳಿ ರಸ್ತೆಯಲ್ಲಿ ಹಿಟ್ಟಿನ ಗಿರಣಿಯಿಟ್ಟಿರುವ ಹಾಲಸ್ವಾಮಿಯ ಮನೆಯಲ್ಲಿ ಹಿಂದಿನಿಂದ ನಡೆದು ಬಂದ ಒಂದು ನಿಯಮವಿತ್ತು. ಅಡುಗೆ ಮಾಡಿದವರು ಅದನ್ನು ಮೊದಲೇ ರುಚಿ ನೋಡುವಂತಿಲ್ಲ. ಬಡಿಸಿದ್ದನ್ನು ಎಲ್ಲರೂ ಅಂಗೈಯ ಇಷ್ಟಲಿಂಗಕ್ಕೆ ಅರ್ಪಿಸಿ ಉಣ್ಣಬೇಕು. ಅರ್ಪಿತವಾದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಉಪ್ಪು ಸಾಲದು, ಖಾರ ಹೆಚ್ಚಾಯಿತು ಎಂದು ಹೆಸರಿಡುವಂತಿಲ್ಲ, ತಟ್ಟೆಯಲ್ಲಿ ಉಳಿಸುವಂತೆಯೂ ಇಲ್ಲ. ಮನೆಯ ಹಿರಿಯೆ ಸಾವಂತ್ರಮ್ಮ ಆ ಮನೆಗೆ ಸೊಸೆಯಾಗಿ ಬಂದು ಐವತ್ತೈದು ವರ್ಷಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ಊಟದ ಸಾಲಿನಲ್ಲಿ ಒಬ್ಬರೂ ಅಂಥ ಮಾತನ್ನು ಆಡಿದ್ದನ್ನು ಆಕೆ ಕೇಳಿರಲಿಲ್ಲ.

ಸಾವಂತ್ರಮ್ಮನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಹಾಲಸ್ವಾಮಿ. ಕಿರಿಯವನು ಗುರುಬಸವರಾಜ, ಹೊನ್ನಾಳಿಯಲ್ಲಿ ಪ್ರೌಢಶಾಲೆಯ ಮೇಷ್ಟ್ರು, ಒಳ್ಳೆಯ ತಬಲಾ ವಾದಕ. ಹಾಲಸ್ವಾಮಿಯ ಹೆಂಡತಿ ಪ್ರೇಮಮ್ಮ ಚನ್ನಗಿರಿ ಸೀಮೆಯ ಕೆರೆಬಿಳಚಿಯವಳು; ಇಪ್ಪತ್ತೇಳು ವರ್ಷಗಳಿಂದ ಅಡುಗೆಮನೆ ಅವಳ ಕೈಯಲ್ಲಿತ್ತು. ಗುರುಬಸವರಾಜನ ಹೆಂಡತಿ ಹೇಮಾವತಿ ಜಗಳೂರಿನಾಚೆಯ ಸೊಕ್ಕೆಯವಳು. ಅವಳಿಗೆ ಮಕ್ಕಳಿರಲಿಲ್ಲ, ಹದಿನೆಂಟು ವರ್ಷಗಳಿಂದ ಆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದು, ರೊಟ್ಟಿ ತಟ್ಟುವುದು, ಪಾತ್ರೆ ತಿಕ್ಕುವುದು ಅವಳ ಪಾಲು. ಒಲೆಯ ಮುಂದೆ ನಿಲ್ಲುವುದು ಮಾತ್ರ ಪ್ರೇಮಮ್ಮನದು. “ಸೊಕ್ಕೆ ಕೈ, ಖಾರ ಸುರಿದುಬಿಡ್ತಾಳೆ” ಎಂದು ನಗುತ್ತಲೇ ಅವಳ ಕೈಯಿಂದ ಸೌಟು ತೆಗೆದುಕೊಳ್ಳುತ್ತಿದ್ದಳು.

ಇಬ್ಬರೂ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ವಚನಗಳನ್ನು ಹಾಡುತ್ತಿದ್ದರು. ಪ್ರೇಮಮ್ಮ ತವರಿನಲ್ಲೇ ಕಲಿತು ಬಂದವಳು. ಹೇಮಾವತಿ ಅವಳಿಂದ ಕಲಿತವಳು. ಆ ಹಾಡಿಕೆಯನ್ನು ಪ್ರೇಮಮ್ಮನ ಮಗಳು, ಹೊನ್ನಾಳಿಗೆ ಬಿ.ಎಡ್. ಓದಲು ಹೋಗಿಬರುವ ಪುಷ್ಪಾ, ಮೊಬೈಲಿನಲ್ಲಿ ಹಿಡಿದು ಯಾರಿಗೋ ಕಳುಹಿಸಿದಳು. ಅದು ಕೈಯಿಂದ ಕೈಗೆ ಹೋಗಿ ಅಮೆರಿಕದ ಡೆನ್ವರ್ ನಗರದ ಕನ್ನಡಿಗರ ಕೂಟವೊಂದನ್ನು ಮುಟ್ಟಿತು. ಅಲ್ಲಿಂದ ಆಹ್ವಾನ ಬಂದಾಗ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದರು.

“ಒಬ್ಬರು ಹಾಡೋರು, ಒಬ್ಬರು ತಬಲಾ ನುಡಿಸೋರು. ಇಬ್ಬರಿಗೇ ಟಿಕೆಟ್ ಕೊಡ್ತಾರಂತೆ,” ಎಂದು ಪುಷ್ಪಾ ಓದಿದಳು. “ಕಾರ್ಯಕ್ರಮಕ್ಕೆ ದುಡ್ಡು ಕೊಡಾಕೆ ಅಲ್ಲಿ ಕಾನೂನು ಬಿಡಲ್ಲಂತೆ. ಅದಕ್ಕೆ ಮೂರು ವಾರ ಒಂದು ಮನೆಗಾಡಿ ಬಾಡಿಗೆ ಹಿಡಿದು ಕೊಡ್ತಾರಂತೆ, ಬೆಟ್ಟದ ಸೀಮೆ ನೋಡ್ಕೊಂಡು ಬರ್ರಿ ಅಂತ.”

“ಮನೆಗಾಡಿ ಅಂದ್ರೆ?” ಎಂದಳು ಸಾವಂತ್ರಮ್ಮ.

“ಬಸ್ಸಿನೊಳಗೇ ಮನೆ ಅಜ್ಜಿ. ಹಾಸಿಗೆ, ಬಚ್ಚಲು, ಒಲೆ, ಎಲ್ಲ ಅದರೊಳಗೇ ಐತೆ.”

“ತಬಲಾಕ್ಕೆ ಗುರು ಆದ. ಹಾಡಾಕೆ?” ಎಂದು ಹಾಲಸ್ವಾಮಿ ಕೇಳಿದ.

“ಅತ್ತಿಗೇನೇ ಬರಬೇಕು. ಹಾಡು ಅವರದು,” ಎಂದ ಗುರುಬಸವರಾಜ.

ಸಾವಂತ್ರಮ್ಮ ತುತ್ತನ್ನು ಕೆಳಗಿಟ್ಟಳು. “ಮೇಷ್ಟ್ರಾಗಿ ಬುದ್ಧಿ ಬ್ಯಾಡವೇನೋ? ಅತ್ತಿಗೆ ಮೈದುನ ಮೂರು ವಾರ ಒಂದು ಗಾಡಿಯೊಳಗೆ ಮಲಗಿದ್ರು ಅಂದ್ರೆ ನ್ಯಾಮತಿ ಸಂತೇಲಿ ನಾನು ತಲೆ ಎತ್ತಾಕೆ ಆಗ್ತೈತೇನು?”

ಎಲ್ಲರೂ ಪ್ರೇಮಮ್ಮನ ಮುಖ ನೋಡಿದರು. ಅವಳು ರೊಟ್ಟಿ ಬಡಿಸುತ್ತ, “ಹೇಮಾನೇ ಹೋಗಿ ಬರಲಿ ಬಿಡ್ರಿ ಅತ್ತೆ. ನನಗೆಲ್ಲಿ ಪುರುಸೊತ್ತು? ನಾನು ಹೋದ್ರೆ ಈ ಒಲೆ ನೋಡೋರ್‍ಯಾರು?” ಎಂದಳು.

“ಆಗಲಿ ಅಕ್ಕಾ,” ಎಂದಳು ಹೇಮಾವತಿ.

ಅಷ್ಟು ಬೇಗ ಆ ಮಾತು ಬರುವುದೆಂದು ಪ್ರೇಮಮ್ಮ ಎಣಿಸಿರಲಿಲ್ಲ. ಆ ಸಂಜೆ ಹಿತ್ತಿಲಲ್ಲಿ ಬಟ್ಟೆ ತೆಗೆಯುವಾಗ ಮಗಳಿಗೆ ಹೇಳಿದಳು: “ಒಂದು ಸಲ ‘ನೀವೇ ಹೋಗ್ರಿ ಅಕ್ಕಾ’ ಅನ್ನಬಾರದಿತ್ತೇನೆ? ಬಾಯಿ ಮಾತಿಗೆ? ನಾನೇನು ಹೊರಟುಬಿಡ್ತಿದ್ನಾ?”

“ನೀನು ಬಾಯಿ ಮಾತಿಗೆ ಹೇಳ್ದೆ, ಚಿಕ್ಕಮ್ಮ ನಿಜ ಅಂದ್ಕೊಂಡ್ಲು. ತಪ್ಪು ಯಾರದವ್ವ?” ಎಂದಳು ಪುಷ್ಪಾ.

“ನೀನು ಓದಿದ್ದು ಸಾಕು ಬಿಡು. ಆ ಲಂಗ ಮಡಚು.”

ಪ್ರಯಾಣಕ್ಕೆಂದು ಪ್ರೇಮಮ್ಮ ಖಡಕ್ ರೊಟ್ಟಿ ಮಾಡಿದಳು. ಶೇಂಗಾ, ಅಗಸೆ, ಗುರೆಳ್ಳು ಎಂದು ಮೂರು ಬಗೆಯ ಚಟ್ನಿಪುಡಿ ಕುಟ್ಟಿದಳು. ಶೇಂಗಾ ಪುಡಿಗೆ ಉಪ್ಪು ಹಾಕುವುದು ನಿಜವಾಗಿಯೂ ಮರೆತುಹೋಯಿತು. ಡಬ್ಬಿಯ ಮುಚ್ಚಳ ಹಾಕುವಾಗ ನೆನಪಾಯಿತು. ಒಳಗಿನ ಕೋಣೆಯಲ್ಲಿ ಹೇಮಾವತಿ ಹೊಸ ಸ್ವೆಟರ್ ಹಾಕಿಕೊಂಡು ನೋಡುತ್ತ ಗಂಡನೊಡನೆ ನಗುತ್ತಿದ್ದಳು. ಪ್ರೇಮಮ್ಮ ಮುಚ್ಚಳವನ್ನು ಬಿಗಿದಳು. ಮಿಕ್ಕ ಎರಡಕ್ಕೂ ಉಪ್ಪು ಹಾಕಲಿಲ್ಲ. ಅಲ್ಲಿ ಮರೆವು ಇರಲಿಲ್ಲ.

ಜ್ಯೇಷ್ಠ ಮಾಸದಲ್ಲಿ ದಂಪತಿಗಳು ಹೊರಟರು. ನಾಲ್ಕನೆಯ ದಿನ ಡೆನ್ವರಿನ ಸಭೆಯ ವಿಡಿಯೊ ಬಂದಿತು. ಪುಷ್ಪಾ ಅದನ್ನು ಟಿ.ವಿ.ಗೆ ಹಚ್ಚಿದಳು. ಹಾಲಸ್ವಾಮಿ ಗಿರಣಿ ನಿಲ್ಲಿಸಿ ಬಂದು ಕುಳಿತ. ಹಾಡು ಮುಗಿದಾಗ ಆ ದೂರದ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಎದ್ದು ನಿಂತ್ರಲ್ಲೇ!” ಎಂದಳು ಸಾವಂತ್ರಮ್ಮ.

“ಎರಡನೇ ಸಾಲಿನ ನಡುವೆ ಉಸಿರು ತಗೊಂಡ್ಲು,” ಎಂದು ಪ್ರೇಮಮ್ಮ ಎದ್ದು ಒಳಗೆ ಹೋದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಕುಳಿತವರಲ್ಲಿ ಅದು ತಿಳಿದದ್ದು ಅವಳೊಬ್ಬಳಿಗೇ.

ಆಮೇಲೆ ಮನೆಗಾಡಿಯ ಪ್ರಯಾಣ ಆರಂಭವಾಯಿತು. ಗಿರಣಿಯ ಟೆಂಪೊವನ್ನು ಹೊನ್ನಾಳಿ ಮಾರುಕಟ್ಟೆಗೆ ಹತ್ತು ವರ್ಷ ಓಡಿಸಿದ್ದ ಗುರುಬಸವರಾಜನ ಕೈಗೆ ಆ ಭಾರಿ ಗಾಡಿಯೂ ಒಗ್ಗಿತು. ಇಲ್ಲಿ ಬೆಳಗಿನ ಏಳು ಗಂಟೆಯೆಂದರೆ ಅಲ್ಲಿ ಹಿಂದಿನ ದಿನದ ಸಂಜೆ. ತಿಂಡಿಯ ಹೊತ್ತಿಗೆ ಸರಿಯಾಗಿ ದಿನವೂ ಕರೆ ಬರುತ್ತಿತ್ತು. ಹಿಮ ಕರಗದ ಶಿಖರಗಳು, ನೆಲದೊಳಗಿಂದ ಕುದಿದು ಚಿಮ್ಮುವ ನೀರು, ರಸ್ತೆಗೆ ಅಡ್ಡವಾಗಿ ನಿಂತು ಗಾಡಿಗಳನ್ನೆಲ್ಲ ಕಾಯಿಸುವ ಕೂದಲಿನ ಕಾಡುಕೋಣಗಳು.

“ನಮ್ಮ ಎಮ್ಮೆಗೆ ಕಂಬಳಿ ಹೊದಿಸಿದಂಗೈತೆ,” ಎಂದಳು ಸಾವಂತ್ರಮ್ಮ. “ಹಾಲು ಕೊಡ್ತೈತೇನೋ?”

“ಹಿಂಡಾಕೆ ಹೋದೋರು ಬದುಕಿಲ್ಲವ್ವ,” ಎಂದು ಗುರುಬಸವರಾಜ ನಕ್ಕ. “ಈಗ ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡಬೇಕು, ಆಮೇಲೆ ಮಾತಾಡ್ತೀನಿ.”

“ಯಾವ ಕೊಳೆ?”

“ಕಕ್ಕಸಿನದು. ಎರಡು ದಿನಕ್ಕೊಂದು ಸಲ ಪೈಪ್ ಹಚ್ಚಿ ನಾವೇ ಬಿಡಬೇಕು.”

“ಅಯ್ಯೋ ಶಿವನೇ! ಇಲ್ಲಿ ಒಂದು ಚೊಂಬು ನೀರು ತಗೊಳ್ಳದ ಮಗ ಅಲ್ಲಿ ಹೋಗಿ ಕಕ್ಕಸು ತೊಳಿತಾನೆ!”

ಎಲ್ಲರೂ ನಕ್ಕರು. ಪ್ರೇಮಮ್ಮನೂ ನಕ್ಕಳು, ಅಷ್ಟು ದಿನಗಳಲ್ಲಿ ಅವಳಿಗೆ ಹಿತವಾಗಿ ಕೇಳಿಸಿದ ಸುದ್ದಿ ಅದೊಂದೇ.

ಆಗ ಹೇಮಾವತಿ ಮೊಬೈಲು ಹಿಡಿದು ಗಾಡಿಯ ಒಳಗನ್ನು ತೋರಿಸಿದಳು. ಕಿಟಕಿಯ ಕೆಳಗೆ ಎರಡು ಉರಿಯ ಗ್ಯಾಸ್ ಒಲೆ. ಅದರ ಮೇಲೆ ಅನ್ನದ ಪಾತ್ರೆ. ಕಿಟಕಿಯ ಆಚೆ ನೀಲಿ ಬೆಟ್ಟ.

“ನಾನೇ ಅಡುಗೆ ಮಾಡಿದೆ ಅಕ್ಕಾ! ಸಾರು ಸ್ವಲ್ಪ ತಳ ಹಿಡೀತು.”

“ನಾನು ಕೊಟ್ಟ ಪುಡಿ?” ಎಂದಳು ಪ್ರೇಮಮ್ಮ.

“ದಿನಾ ಅದೇ ಅಕ್ಕಾ.”

“ಹೆಂಗೈತೆ?”

“ಪ್ರಸಾದ ಅಕ್ಕಾ. ಹೆಂಗಿರ್ತೈತೆ?”

ಆ ಉತ್ತರ ಪ್ರೇಮಮ್ಮನನ್ನು ಹಿಂಡಿತು. ಚಟ್ನಿ ಸಪ್ಪೆಯಾಗಿದೆ ಎಂದು ಒಂದು ಮಾತು ಬಂದಿದ್ದರೆ ಅವಳ ಸಣ್ಣತನಕ್ಕೆ ಕೂಲಿ ದೊರೆತಂತಾಗುತ್ತಿತ್ತು. ಮನೆಯ ನಿಯಮ ಆ ಮಾತನ್ನು ತಡೆದಿತ್ತು. ಆದರೆ ಅಸೂಯೆ ನಿಯಮವನ್ನು ನೆನೆಯುವುದಿಲ್ಲ. “ತಿಂದೇ ಇಲ್ಲ ಬಿಡು. ಹೋಟ್ಲಿನದು ತಿಂದು ನನ್ನ ಡಬ್ಬೀನ ದಾರೀಲಿ ಎಸೆದಿದ್ದಾಳೆ,” ಎಂದು ಅವಳು ತೀರ್ಮಾನಿಸಿದಳು. ಅಂದಿನಿಂದ ಅನ್ನ ಮುದ್ದೆಯಾದರೂ ಹೇಮಾ, ಹಾಲು ಉಕ್ಕಿದರೂ ಹೇಮಾ. ಪಾತ್ರೆಯ ರಾಶಿಯ ಮುಂದೆ ಪುಷ್ಪಾಳನ್ನು ಕೂರಿಸಿ, “ತಿಕ್ಕು, ನಿಮ್ಮ ಚಿಕ್ಕಮ್ಮ ಬೆಟ್ಟ ನೋಡ್ತಾಳೆ,” ಎನ್ನುವಳು.

“ಅವ್ವ, ಹದಿನೆಂಟು ವರ್ಷ ಚಿಕ್ಕಮ್ಮ ತಿಕ್ಕಿದ್ದಾಳೆ. ನನಗೆ ಹದಿನೆಂಟು ದಿನಕ್ಕೇ ಕೈ ಸುಲಿದೈತೆ.”

“ಅವಳ ವಕೀಲಿ ಬ್ಯಾಡ.”

ಎರಡನೆಯ ವಾರದ ಕೊನೆಗೆ ಪ್ರೇಮಮ್ಮ ಗಂಡನಿಗೆ ಮಜ್ಜಿಗೆ ಕೊಡುತ್ತ ನೇರವಾಗಿಯೇ ಹೇಳಿದಳು: “ನೋಡ್ರಿ, ಅವರು ಬಂದ ಮೇಲೆ ಒಲೆ ಬೇರೆ ಆಗಲಿ. ಹಿಂದಿನ ಪಡಸಾಲೆಗೆ ಗೋಡೆ ಹಾಕಿಸಿ ಅವರಿಗೆ ಕೊಡ್ರಿ.”

“ಅವರೇನು ಮಾಡಿದ್ರೆ ನಿನಗೆ?”

“ಏನೂ ಮಾಡಿಲ್ಲ. ಅಮೆರಿಕ ನೋಡಿ ಬಂದೋಳಿಗೆ ನಾನು ಅನ್ನ ಬೇಯಿಸಿ ಹಾಕಲ್ಲ, ಅಷ್ಟೇ.”

“ಅವ್ವ ಇರೋವರೆಗೆ ಬ್ಯಾಡ ಕಣೆ.”

“ಹಂಗಾದ್ರೆ ನಾನು ಕೆರೆಬಿಳಚಿಗೆ ಹೋಗ್ತೀನಿ. ಗಿರಣಿ ಹಿಟ್ಟು ನೀವೇ ಕಲಸ್ಕೊಳ್ರಿ.”

ಹಾಲಸ್ವಾಮಿ ಜಗಳಕ್ಕೆ ಹೆದರುವ ಮನುಷ್ಯ. ಮರುದಿನವೇ ಗಾರೆ ಕೆಲಸದ ಕಲ್ಲೇಶಪ್ಪನನ್ನು ಕರೆತಂದ. ಕಲ್ಲೇಶಪ್ಪ ಟೇಪು ಹಿಡಿದು ಪಡಸಾಲೆಯನ್ನು ಅಳೆಯುತ್ತಿರುವಾಗ ಸಾವಂತ್ರಮ್ಮ ಜಪದಿಂದ ಎದ್ದು ಬಂದಳು.

“ಏನಪ್ಪಾ ಅಳಿತೀಯ?”

“ಗೋಡೆಗೆ ಅವ್ವಾರೆ.”

“ಯಾರ ನಡುವೆ?”

ಕಲ್ಲೇಶಪ್ಪ ಹಾಲಸ್ವಾಮಿಯ ಕಡೆ ನೋಡಿದ. ಹಾಲಸ್ವಾಮಿ ಹೆಂಡತಿಯ ಕಡೆ ನೋಡಿದ. ಪ್ರೇಮಮ್ಮ ಹಿತ್ತಿಲ ಕಡೆ ನೋಡಿದಳು. ಅಂದು ಮಧ್ಯಾಹ್ನ ಸಾವಂತ್ರಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮೂರನೆಯ ವಾರ. ತಿಂಡಿಗೆ ಮಂಡಕ್ಕಿ ಒಗ್ಗರಣೆಯಾಗಿತ್ತು. ಕರೆ ಬಂದಿತು. ಪುಷ್ಪಾ ಮೊಬೈಲನ್ನು ನೀರಿನ ಚೊಂಬಿಗೆ ಆನಿಸಿ ನಿಲ್ಲಿಸಿದಳು. ತೆರೆಯ ತುಂಬ ಬಿಳುಪು. ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಮೊದಲಾಗುವುದೆಂದು ತಿಳಿಯದ ಬಯಲು. ನಡುವೆ ಬರಿಗಾಲಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತ ಹೇಮಾವತಿ.

“ಹಿಮಾನಾ ಚಿಕ್ಕಮ್ಮ?”

“ಅಲ್ಲ ಕಣೆ ಪುಷ್ಪಾ, ಉಪ್ಪು! ಯೂಟಾ ಅಂತ ಸೀಮೆ. ಹಿಂದೊಂದು ಕಾಲಕ್ಕೆ ಸಮುದ್ರದಂಥ ಕೆರೆ ಇತ್ತಂತೆ, ಬತ್ತಿ ಉಪ್ಪಾಗೈತೆ. ಅಕ್ಕನ್ನ ಕರಿ, ಅಕ್ಕ ನೋಡಬೇಕಿದನ್ನ.” ಅವಳು ಬಗ್ಗಿ ಒಂದು ಹಿಡಿ ಬಾಚಿ ತೆರೆಯ ಹತ್ತಿರ ತಂದಳು. “ಅಕ್ಕಾ, ನೋಡ್ರಿ! ನಿಮಗೆ ಎಷ್ಟು ಬೇಕು ಹೇಳ್ರಿ, ತರ್ತೀನಿ!”

ಪ್ರೇಮಮ್ಮನ ಕೈಯಲ್ಲಿದ್ದ ಸೌಟು ಬಾಣಲೆಗೆ ಬಡಿಯಿತು.

“ಹಂಗಿಸ್ತೀಯೇನೆ ನನ್ನ?”

“ಏನಕ್ಕಾ?”

“ಗೊತ್ತಾಗಲ್ಲ ಅಂದ್ಕೊಂಡೆಯಾ? ಮೂರು ಡಬ್ಬಿಗೂ ಉಪ್ಪು ಹಾಕಿಲ್ಲ ಅಂತ ಬಾಯಿಬಿಟ್ಟು ಹೇಳಾಕೆ ಆಗದೆ, ಉಪ್ಪಿನ ಬಯಲಾಗೆ ನಿಂತು, ಇಷ್ಟು ಜನರ ಮುಂದೆ ನನಗೆ ತೋರಿಸ್ತೀಯಾ? ಹೌದು, ಹಾಕಿಲ್ಲ! ಬೇಕಂತಲೇ ಹಾಕಿಲ್ಲ! ಏನೀಗ?”

ಆ ಬಿಳಿಯ ಬಯಲಿನಲ್ಲಿ ಗಾಳಿ ಬೀಸುವ ಸದ್ದು ಈ ಅಡುಗೆಮನೆಯವರೆಗೆ ಕೇಳಿಸಿತು. ಗುರುಬಸವರಾಜನ ಮುಖ ತೆರೆಯ ಅಂಚಿನಿಂದ ಒಳಗೆ ಬಂದಿತು.

“ಅತ್ತಿಗೆ, ನೀವು ಮರೆತಿದ್ರಿ ಅಂದ್ಕೊಂಡಿದ್ವಿ ನಾವು. ನಿಮಗೆ ಬ್ಯಾಸರ ಆಗ್ತೈತೆ, ಹೇಳಬ್ಯಾಡ್ರಿ ಅಂದಿದ್ಲು ಇವಳು. ಮೂರೂ ಡಬ್ಬಿ ತೊಳೆದು ಇಟ್ಟಿದ್ದೀವಿ. ಒಂದು ಚಮಚ ಎಸೆದಿಲ್ಲ.”

ಹೇಮಾವತಿ ಕೈಯಲ್ಲಿದ್ದ ಉಪ್ಪನ್ನು ಕೊಡವಿಕೊಂಡಳು. ಕರೆಯನ್ನು ಕಡಿದಳು.

ಹಾಲಸ್ವಾಮಿ ತಟ್ಟೆ ನೋಡುತ್ತ ಕುಳಿತ. ಮಾತಾಡಿದವಳು ಸಾವಂತ್ರಮ್ಮ. ಅವಳ ದನಿ ಏರಲಿಲ್ಲ.

“ಪ್ರೇಮಾ, ಆ ಡಬ್ಬಿ ಯಾರಿಗೆ ಕಟ್ಟಿದ್ದೆ?”

“ಅವರಿಬ್ಬರಿಗೆ ಅತ್ತೆ.”

“ಅಲ್ಲ. ದಿನಾ ಅವರು ಅದನ್ನ ಯಾರಿಗೆ ಹಿಡಿದು ಉಂಡಿದ್ದಾರೆ? ಅಂಗೈ ಮ್ಯಾಗಿನ ಸ್ವಾಮಿಗೆ. ಸಪ್ಪೆ ಉಣಿಸಿದ್ದು ಆತನಿಗೆ. ಈ ಮನೇಲಿ ಯಾರೂ ರುಚಿ ನೋಡದೆ ಅರ್ಪಿಸೋದು ಯಾಕೆ ಗೊತ್ತೇನು? ಒಲೆ ಮುಂದಿರೋಳ ಮ್ಯಾಲೆ ನಂಬಿಕೆ ಅಂತ. ಇನ್ನ ನಾವು ಬೆರಳು ಅದ್ದಿ ನೋಡಿ ಅರ್ಪಿಸಬೇಕೇನು?”

ಪ್ರೇಮಮ್ಮನಿಗೆ ಅಳು ಬರಲಿಲ್ಲ. ತನ್ನದೆಂದು ಅವಳು ಹೆಮ್ಮೆಪಡುತ್ತಿದ್ದ ಒಂದೇ ಒಂದು ಆಸ್ತಿ, ಊಟದ ಸಾಲಿನ ಆ ಮೌನ. ಅದು ತನ್ನ ಕೈಯಿಂದಲೇ ಹೋಯಿತೆಂದು ತಿಳಿಯಿತು. ಮಧ್ಯಾಹ್ನ ಬಡಿಸುವಾಗ ಒಬ್ಬೊಬ್ಬರ ಬೆರಳನ್ನೂ ನೋಡಿದಳು. ಯಾರೂ ಅದ್ದಲಿಲ್ಲ. ಅದೇ ಅವಳನ್ನು ಇನ್ನೂ ಹೆಚ್ಚು ಸುಟ್ಟಿತು.

“ಕಲ್ಲೇಶಪ್ಪನಿಗೆ ಬ್ಯಾಡ ಅನ್ರಿ,” ಎಂದು ಗಂಡನಿಗೆ ಹೇಳಿದಳು. “ಬೇರೆ ಒಲೆ ಬ್ಯಾಡ. ಅವಳು ಬರಲಿ, ಕಾಲು ಹಿಡೀತೀನಿ.”

ಆಷಾಢ ಹುಟ್ಟಿದ ಮೇಲೆ ದಂಪತಿಗಳು ಊರಿಗೆ ಬಂದರು. ಹೇಮಾವತಿ ಅತ್ತೆಯ ಕಾಲಿಗೆ ನಮಸ್ಕರಿಸಿ, ತಂದ ಸಾಮಾನುಗಳನ್ನು ಹಂಚಿ, ಸ್ನಾನ ಪೂಜೆ ಮುಗಿಸಿ, ಅಡುಗೆಮನೆಗೆ ಬಂದು ಈರುಳ್ಳಿಯ ಮುಂದೆ ಕುಳಿತಳು. ಪ್ರೇಮಮ್ಮ ಬಾಗಿಲು ಸರಿಸಿ ಅವಳ ಎದುರಿಗೆ ಕುಳಿತಳು.

“ತಪ್ಪಾತು ಹೇಮಾ.”

“ಹೂಂ.”

“ಹೊಟ್ಟೆಕಿಚ್ಚು ಕಣೆ. ನನ್ನ ಹಾಡು ತಗೊಂಡು ನೀನು ಹೋದೆ ಅಂತ.”

ಹೇಮಾವತಿ ಈರುಳ್ಳಿಯನ್ನು ಕೆಳಗಿಟ್ಟಳು. “ತಗೊಂಡೇ ಹೋದೆ ಅಕ್ಕಾ. ಅಲ್ಲಿ ಎಲ್ಲಾರೂ ಕೇಳಿದ್ರು, ಯಾರ ಹತ್ರ ಕಲಿತ್ರಿ ಅಂತ. ನಾನು ನಿಮ್ಮ ಹೆಸರು ಹೇಳಲಿಲ್ಲ. ಹಂಗೇ ಬರ್ತೈತೆ ಅಂದೆ. ಅದು ಮರೆತಿದ್ದಲ್ಲ.”

ಪ್ರೇಮಮ್ಮನ ಮುಖ ಕೆಂಪಾಯಿತು. “ಹಂಗಾದ್ರೆ ನನ್ನೊಬ್ಬಳನ್ನೇ ಯಾಕೆ ಕುಟ್ತಾರೆ ಈ ಮನೇಲಿ?”

“ನಾನು ಕುಟ್ಟಿಲ್ಲ. ನನಗೆ ಬೇಕಾದ್ದು ಬೇರೆ ಐತೆ. ಗೋಡೆ ಅಳೆಸಿದ್ರಂತಲ್ಲ, ಭಾವಾರಿಗೆ ಹೇಳ್ರಿ, ಗೋಡೆ ಬ್ಯಾಡ. ಆದರೆ ನನಗೆ ಒಲೆ ಬೇಕು.”

“ಬ್ಯಾಡ ಕಣೆ! ನಾನು ಸಿಟ್ಟಿಗೆ ಅಂದಿದ್ದು ಅದು. ನಿಲ್ಲಿಸಿದ್ದೀನಿ.”

“ನಾನು ಸಿಟ್ಟಿಗೆ ಕೇಳ್ತಿಲ್ಲ. ಆ ಗಾಡೀಲಿ ಎರಡು ಉರಿ ಒಲೆ ಇತ್ತು. ಮೂರು ವಾರ ನಾನೇ ಹಚ್ಚಿದೆ, ನಾನೇ ಆರಿಸಿದೆ. ಸಾರು ತಳ ಹಿಡೀತು, ಅನ್ನ ಅರೆಬೆಂದಿತು, ಒಬ್ಬರೂ ನನ್ನ ಕೈಯಿಂದ ಸೌಟು ತಗೊಳ್ಳಲಿಲ್ಲ. ಬೆಟ್ಟ, ಕೋಣ, ಬಿಸಿನೀರು ಎಲ್ಲಾ ಒಂದು ಕಡೆ. ನನಗೆ ನೆನಪಿರೋದು ಆ ಒಲೆ. ನೀವು ಇಪ್ಪತ್ತು ದಿನ ನನ್ನ ಅಮೆರಿಕಕ್ಕೆ ಹೊಟ್ಟೆ ಉರಿಸ್ಕೊಂಡ್ರಿ. ನಾನು ಹದಿನೆಂಟು ವರ್ಷ ನಿಮ್ಮ ಒಲೆಗೆ ಉರಿಸ್ಕೊಂಡಿದ್ದೀನಿ ಅಕ್ಕಾ. ನಿಮಗೆ ಗೊತ್ತೇ ಆಗಲಿಲ್ಲ.”

ಪಡಸಾಲೆಯಿಂದ ಸಾವಂತ್ರಮ್ಮ ಕೇಳಿಸಿಕೊಂಡಿದ್ದಳು. “ಆಷಾಢದಾಗೆ ಹೊಸ ಒಲೆ ಹಚ್ಚಬಾರದು. ಶ್ರಾವಣ ಬರಲಿ,” ಎಂದಳು, ಬೇಡ ಎನ್ನಲಿಲ್ಲ.

ಶ್ರಾವಣ ಬರುವವರೆಗಿನ ಮೂರು ವಾರ ಇಬ್ಬರೂ ಹಳೆಯ ಅಡುಗೆಮನೆಯಲ್ಲೇ ಕೆಲಸ ಮಾಡಿದರು. ಬೇಕಾದಷ್ಟೇ ಮಾತು: “ಕೊತ್ತಂಬರಿ ಎಲ್ಲೈತೆ?” “ಅಲ್ಲೇ.” ಒಂದು ದಿನ ಪ್ರೇಮಮ್ಮ, “ಇವತ್ತು ಸಾರು ನೀನೇ ಮಾಡು,” ಎಂದು ಸೌಟು ಕೊಡಲು ಹೋದಳು. ಹೇಮಾವತಿ ತೆಗೆದುಕೊಳ್ಳಲಿಲ್ಲ. “ಇದು ನಿಮ್ಮದು ಅಕ್ಕಾ. ನನ್ನದು ಬರಲಿ,” ಎಂದಳು. ಹುಣ್ಣಿಮೆಯ ಗೋಷ್ಠಿಯಲ್ಲಿ ಇಬ್ಬರೂ ಹಾಡಿದರು. ಹಾಡು ಮುಗಿದ ಮೇಲೆ ಹೇಮಾವತಿ ಎದ್ದು ನಿಂತು, ಅಮೆರಿಕದಲ್ಲಿ ಹಾಡಿದ್ದು ಅಕ್ಕ ಕಲಿಸಿದ ಪಾಠವೆಂದು ಹತ್ತಿಪ್ಪತ್ತು ಜನರೆದುರಿಗೆ ಹೇಳಿದಳು. ಪ್ರೇಮಮ್ಮ ಮನೆಗೆ ಬರುತ್ತ, “ಅಲ್ಲಿ ಹೇಳಬೇಕಾದ್ದು ಇಲ್ಲಿ ಹೇಳಿದ್ಲು, ಅಗ್ಗದಾಗೆ ಮುಗಿಸಿದ್ಲು,” ಎಂದು ಮಗಳ ಹತ್ತಿರ ಗೊಣಗಿದಳು. ಆದರೂ ಆ ಮಾತನ್ನು ಹೇಮಾ ಯಾವ ಪದಗಳಲ್ಲಿ ಹೇಳಿದಳೆಂದು ಮಗಳಿಂದ ಎರಡು ಸಲ ಹೇಳಿಸಿಕೊಂಡಳು.

ಶ್ರಾವಣದ ಮೊದಲ ಸೋಮವಾರ ಕಲ್ಲೇಶಪ್ಪ ಹಿಂದಿನ ಪಡಸಾಲೆಯಲ್ಲಿ ಕಡಪದ ಕಲ್ಲಿನ ಕಟ್ಟೆ ಕಟ್ಟಿ ಮುಗಿಸಿದ್ದ. ನಡುವೆ ಗೋಡೆಯಿರಲಿಲ್ಲ. ಎರಡು ಉರಿಯ ಗ್ಯಾಸ್ ಒಲೆಗೆ ವಿಭೂತಿ ಹಚ್ಚಿ, ಹೂವಿಟ್ಟು, ಹಾಲಿನ ಪಾತ್ರೆ ಇಟ್ಟರು.

“ಹಿರಿ ಮುತ್ತೈದೆ ಹಚ್ಚಬೇಕು,” ಎಂದಳು ಸಾವಂತ್ರಮ್ಮ. “ಪ್ರೇಮಾ, ಬಾ.”

ಪ್ರೇಮಮ್ಮ ಬಂದು ನಿಂತಳು. ಈ ಒಲೆ ಹತ್ತಿದರೆ ಆ ಮನೆಯಲ್ಲಿ ಎಲ್ಲರೂ ಅವಳ ಕೈಯನ್ನೇ ಕಾಯುವ ಕಾಲ ಮುಗಿಯಿತು. ಗಂಡನ ಕಡೆ ನೋಡಿದಳು. ಅವನು ಎಂದಿನಂತೆ ನೆಲ ನೋಡುತ್ತಿದ್ದ. ಹೇಮಾವತಿ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಳು. ಬೇಡಲಿಲ್ಲ, ಅವಸರಪಡಿಸಲೂ ಇಲ್ಲ. ಪ್ರೇಮಮ್ಮ ಕಡ್ಡಿ ಗೀರಿದಳು. ಮೊದಲನೆಯದು ಆರಿತು. ಎರಡನೆಯದಕ್ಕೆ ಉರಿ ನೀಲಿಯಾಗಿ ಹತ್ತಿತು.

ಹಾಲು ಬಿಸಿಯಾಗತೊಡಗಿತು. ಪ್ರೇಮಮ್ಮನ ಕೈ ತಾನಾಗಿಯೇ ಒಲೆಯ ತಿರುವಿನ ಕಡೆಗೆ ಹೋಯಿತು. “ಉರಿ ಸಣ್ಣ ಮಾಡೇ, ತಳ ಹಿಡಿತೈತೆ.”

“ಹಿಡೀಲಿ ಅಕ್ಕಾ,” ಎಂದಳು ಹೇಮಾವತಿ. “ನಾನೇ ತಿಕ್ಕೋಳು.”

ಪ್ರೇಮಮ್ಮನ ಕೈ ನಡುವೆ ನಿಂತಿತು. ಹೊಟ್ಟೆಯೊಳಗಿನ ಕಿಚ್ಚು ಆರಿತ್ತೆಂದು ನಾನು ಹೇಳಲಾರೆ, ಆರಿರಲಿಲ್ಲ. ಆದರೆ ಅವಳು ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗಿನೊಳಗೆ ಮಡಚಿಕೊಂಡು, ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಳು. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ, ಬಡಿಸಿಕೊಳ್ಳಲೆಂದು ಕುಳಿತಳು.

ಹಾಲು ಉಕ್ಕಿತು.

ಈ ಕಥೆಯನ್ನು ಓದಿದವರ, ಓದಿಸಿ ಕೇಳಿದವರ ಮನೆಗಳಲ್ಲಿ ಒಲೆ ಒಂದಿರಲಿ, ಎರಡಿರಲಿ, ಅದನ್ನು ಹಚ್ಚುವ ಕೈಗಳಿಗೆ ಒಂದಕ್ಕೊಂದು ಬಿಟ್ಟುಕೊಡುವ ಶಕ್ತಿಯನ್ನು ಶಿವನು ಕರುಣಿಸಲಿ. ಅಡುಗೆ ಮಾಡಿದವರು ನೆಮ್ಮದಿಯಿಂದ ಉಣ್ಣಲಿ, ಉಂಡವರು ಅವರನ್ನು ನೆನೆಯಲಿ, ಹೊಟ್ಟೆಕಿಚ್ಚು ಪಟ್ಟವರಿಗೂ ಎಲೆಯ ಮುಂದೆ ಸ್ಥಳವಿರಲಿ. ಸಕಲರಿಗೂ ಶುಭವಾಗಲಿ.